ಎರಡು ಮಾನಿಟರ್‌ಗಳಲ್ಲಿ ಒಂದೇ ಫೋಟೊಗೆ ಎರಡು ಬಣ್ಣ: ದೋಷದ ಮೂಲ ಹುಡುಕಿ ಸರಿಪಡಿಸುವ ಕ್ರಮ

ಮದುವೆಯ ಆಲ್ಬಮ್ ಸಿದ್ಧವಾಗುತ್ತಿರುವಾಗ ಮದುಮಗಳ ಕುಂಕುಮ ಬಣ್ಣದ ರೇಷ್ಮೆ ಸೀರೆ ಎಡಗಡೆಯ ಮಾನಿಟರ್‌ನಲ್ಲಿ ಇದ್ದಂತೆಯೇ ಕಂಡು, ಅದೇ ಫೋಟೊವನ್ನು ಬಲಗಡೆಯ ಮಾನಿಟರ್‌ಗೆ ಎಳೆದ ಕೂಡಲೇ ಕಣ್ಣಿಗೆ ಹೊಡೆಯುವ ಕೆಂಪಾಗಿ, ಸೀರೆಯ ಮಡಿಕೆಗಳೆಲ್ಲ ಒಂದರೊಳಗೊಂದು ಕಲಸಿಹೋದರೆ, ಸ್ಟುಡಿಯೋದಲ್ಲಿ ಸಾಮಾನ್ಯವಾಗಿ ಯಾರಾದರೂ ಬಲಗಡೆಯ ಮಾನಿಟರ್‌ನ ಗುಂಡಿಗಳನ್ನು ಒತ್ತುತ್ತಾ ಎರಡೂ ಪರದೆಗಳು ಹತ್ತಿರ ಹತ್ತಿರ ಕಾಣುವವರೆಗೆ ಕೆಂಪನ್ನು ಇಳಿಸುತ್ತಾರೆ. ಆ ಫೋಟೊದ ಮಟ್ಟಿಗೆ ಕೆಲಸ ಮುಗಿದಂತೆ ಅನಿಸುತ್ತದೆ. ಮುಂದಿನ ಫೋಟೊದಲ್ಲಿ ಬಿಳಿ ಪಂಚೆ ಹಸಿರು ಬೆರೆತ ನೀಲಿಗೆ ತಿರುಗಿರುತ್ತದೆ, ಮುಖಗಳಲ್ಲಿ ಕಳೆ ಇರುವುದಿಲ್ಲ. ಆಮೇಲೆ ಯಾವ ಪರದೆಯನ್ನು ನಂಬಬೇಕೆಂಬುದೇ ತಿಳಿಯದೆ, ಲ್ಯಾಬ್‌ನಿಂದ ಆಲ್ಬಮ್ ಅಚ್ಚಾಗಿ ಬರುವವರೆಗೆ ಕಾಯುವ ಪರಿಸ್ಥಿತಿ ಬರುತ್ತದೆ.

ಚಿಕ್ಕಮಗಳೂರು, ಹಾಸನದಂಥ ಊರುಗಳ ಸ್ಟುಡಿಯೋಗಳಲ್ಲಿ ಹಳೆಯ ಕಚೇರಿ ಮಾನಿಟರ್ ಪಕ್ಕದಲ್ಲಿ ಹೊಸದೊಂದನ್ನು ಇಟ್ಟು ಕೆಲಸ ಮಾಡುವವರು ಬಹಳ ಮಂದಿ ಇರುವುದರಿಂದ ಈ ತೊಂದರೆ ಇಲ್ಲಿ ಹೊಸದಲ್ಲ. ಇದಕ್ಕೆ ಪರಿಹಾರವಿದೆ. ಆದರೆ ಕಾರಣ ಎಲ್ಲಿದೆ ಎಂದು ಗೊತ್ತಾಗುವವರೆಗೆ ಒಂದು ಗುಂಡಿಯನ್ನೂ ಮುಟ್ಟಬಾರದು ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಫೋಟೊದ ಬಣ್ಣವು ಫೈಲ್‌ನಿಂದ ಹೊರಟು ತಂತ್ರಾಂಶ, ಪ್ರೊಫೈಲ್, ಗ್ರಾಫಿಕ್ಸ್ ಕಾರ್ಡ್, ಕೇಬಲ್, ಪರದೆ ಇಷ್ಟನ್ನು ದಾಟಿ, ಕೊನೆಗೆ ಕೋಣೆಯ ಬೆಳಕಿನಲ್ಲಿ ನಮ್ಮ ಕಣ್ಣನ್ನು ತಲುಪುತ್ತದೆ. ಇವುಗಳಲ್ಲಿ ಯಾವ ಹಂತದಲ್ಲಿ ದೋಷ ಸೇರಿದೆಯೋ ಅಲ್ಲಿಯೇ ಅದನ್ನು ತೆಗೆಯಬೇಕು. ಒಂದು ಹಂತದ ದೋಷವನ್ನು ಇನ್ನೊಂದು ಹಂತದಲ್ಲಿ ಮುಚ್ಚಲು ಹೊರಟರೆ ದೋಷಗಳು ಎರಡಾಗುತ್ತವೆ.

ಪ್ರೊಫೈಲ್ ಎಂದರೇನು ಎಂಬುದು ಸ್ಪಷ್ಟವಾಗದೆ ಮುಂದಿನದು ಅರ್ಥವಾಗುವುದಿಲ್ಲ. ಫೈಲ್‌ನಲ್ಲಿ ಬರೆದಿರುವುದು ಬಣ್ಣವಲ್ಲ, ಅಂಕಿಗಳು. ಕೆಂಪು 255, ಹಸಿರು 0, ನೀಲಿ 0 ಎಂದು ಬರೆದಿದ್ದರೆ ಪರದೆಯು ಅದನ್ನು ‘ನನ್ನಲ್ಲಿರುವ ಕೆಂಪನ್ನೆಲ್ಲ ಹೊರಹಾಕು’ ಎಂಬ ಆಜ್ಞೆಯಾಗಿ ತೆಗೆದುಕೊಳ್ಳುತ್ತದೆ. ಅಗ್ಗದ ಲ್ಯಾಪ್‌ಟಾಪ್ ಪರದೆಯಲ್ಲಿರುವ ಕೆಂಪು ಬೇರೆ, ಹೆಚ್ಚು ಗಾಢ ಬಣ್ಣಗಳನ್ನೂ ತೋರಿಸಬಲ್ಲ, ಅಂದರೆ ವಿಶಾಲ ಬಣ್ಣವ್ಯಾಪ್ತಿಯ, ಹೊಸ ಮಾನಿಟರ್‌ನಲ್ಲಿರುವ ಕೆಂಪು ಬೇರೆ. ಆದುದರಿಂದ ಒಂದೇ ಅಂಕಿಗೆ ಎರಡು ಬಣ್ಣ ಕಾಣುವುದು ಸಹಜ. ಈ ಪರದೆಯ ಕೆಂಪು, ಹಸಿರು, ನೀಲಿ ನಿಜವಾಗಿ ಎಂಥವು ಎಂದು ಅಳೆದು ಬರೆದಿಟ್ಟ ಸಣ್ಣ ಫೈಲ್ ಅನ್ನು ಮಾನಿಟರ್ ಪ್ರೊಫೈಲ್ ಎನ್ನುತ್ತಾರೆ. 1993ರಲ್ಲಿ ಆರಂಭವಾದ ಐಸಿಸಿ (ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ) ಒಕ್ಕೂಟ ರೂಪಿಸಿದ ಮಾದರಿಯಲ್ಲಿ ಇರುವುದರಿಂದ ಇದಕ್ಕೆ ಐಸಿಸಿ ಪ್ರೊಫೈಲ್ ಎಂಬ ಹೆಸರು ಬಂದಿದೆ. ಫೋಟೊಶಾಪ್, ಲೈಟ್‌ರೂಮ್, ಗಿಂಪ್ ಮೊದಲಾದವು ಫೈಲ್‌ನ ಅಂಕಿಯನ್ನು ಈ ಪ್ರೊಫೈಲ್ ನೋಡಿ ಪ್ರತಿ ಪರದೆಗೂ ಬೇರೆಬೇರೆಯಾಗಿ ಬದಲಿಸಿ ಕಳುಹಿಸುತ್ತವೆ. ಹಾಗೆ ಬದಲಿಸಿದಾಗಲೇ ಎರಡು ಪರದೆಗಳಲ್ಲಿ ಒಂದೇ ಬಣ್ಣ ಕಾಣುತ್ತದೆ. ಪ್ರೊಫೈಲ್ ಇಲ್ಲದಿದ್ದರೆ, ಅಥವಾ ಇರುವುದು ತಪ್ಪಾಗಿದ್ದರೆ, ತಂತ್ರಾಂಶ ಎಷ್ಟೇ ಒಳ್ಳೆಯದಾಗಿದ್ದರೂ ಪ್ರಯೋಜನವಿಲ್ಲ.

ಪರೀಕ್ಷೆಯ ಫೈಲ್

ಮದುವೆಯ ಫೋಟೊವನ್ನೇ ನೋಡುತ್ತಾ ದೋಷ ಹುಡುಕಿದರೆ ದಾರಿ ತಪ್ಪುತ್ತದೆ. ಮಾನಿಟರ್‌ಗೆ ಇರುವಂತೆ ಫೋಟೊ ಫೈಲ್‌ಗೂ ಅದರ ಅಂಕಿಗಳು ಯಾವ ಬಣ್ಣವನ್ನು ಸೂಚಿಸುತ್ತವೆ ಎಂದು ಹೇಳುವ ಪ್ರೊಫೈಲ್ ಇರುತ್ತದೆ. ಸಾಮಾನ್ಯ ಮಾನಿಟರ್‌ಗಳಿಗೆ ಹತ್ತಿರವಾದ ಬಣ್ಣದ ಮಾದರಿ ಎಸ್‌ಆರ್‌ಜಿಬಿ. ಆ ಪ್ರೊಫೈಲ್‌ನಲ್ಲಿ ಹೊಸ ಚಿತ್ರವೊಂದನ್ನು ತೆರೆದು, ಹಿನ್ನೆಲೆಗೆ ಮೂರೂ ಅಂಕಿಗಳು 128 ಇರುವ ಬೂದು ಬಣ್ಣವನ್ನು ತುಂಬಿ. ಅದರ ಮೇಲೆ ಕಪ್ಪಿನ ಕಡೆಯಿಂದ 0, 4, 8, 12, 16, 24 ಎಂದು ಚೌಕಗಳನ್ನೂ, ಬಿಳಿಯ ಕಡೆಯಲ್ಲಿ 240, 245, 250, 255 ಎಂದು ಇನ್ನಷ್ಟು ಚೌಕಗಳನ್ನೂ ಇಡಿ. ಒಂದು ಮೂಲೆಯಲ್ಲಿ ಶುದ್ಧ ಕೆಂಪು, ಹಸಿರು, ನೀಲಿಯ ಚೌಕಗಳು ಇರಲಿ. ಚೆನ್ನಾಗಿ ಬಂದ ಒಂದು ಮುಖವನ್ನೂ ಪಕ್ಕದಲ್ಲಿ ಅಂಟಿಸಿಕೊಳ್ಳಬಹುದು. ಪ್ರೊಫೈಲ್ ಸೇರಿಸಿಯೇ ಉಳಿಸಿ.

ಬೂದು ಬಣ್ಣಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಕೆಂಪು ಚೌಕ ಹೆಚ್ಚು ಗಾಢವಾಗಿ ಕಂಡರೆ ಬಣ್ಣವ್ಯಾಪ್ತಿಯ ವ್ಯತ್ಯಾಸವೆಂದು ತಿಳಿಯುತ್ತದೆ, ಆದರೆ ಪರದೆ ಹಳದಿಗೆ ವಾಲಿದೆಯೋ ನೀಲಿಗೆ ವಾಲಿದೆಯೋ ಎಂಬುದನ್ನು ಬೂದು ಮಾತ್ರ ಬಾಯಿಬಿಟ್ಟು ಹೇಳುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ತೆಗೆಯುವವರು ಇದನ್ನು ದಿನವೂ ಕಾಣುತ್ತಾರೆ. ಅಲ್ಲಿಯ ಬಳಪದ ಕಲ್ಲಿನ ಬಣ್ಣ ಬೂದಿಗೆ ಬಹಳ ಹತ್ತಿರದ್ದು, ತುಸು ಹಸಿರು ಸೇರಿದ್ದು. ಪರದೆಯಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೂ ಮದನಿಕೆಯ ವಿಗ್ರಹ ಒಂದು ಕಡೆ ಉಕ್ಕಿನಂತೆ ನೀಲಿಯಾಗಿಯೂ ಇನ್ನೊಂದು ಕಡೆ ಕಂದಾಗಿಯೂ ಕಾಣುತ್ತದೆ. ಹಾಗೆಂದು ಆ ಕಲ್ಲನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ಅದು ನಿಜವಾದ ಬೂದಲ್ಲ, ಬೆಳಗಿನ ಬಿಸಿಲಿಗೂ ಮೋಡದ ಬೆಳಕಿಗೂ ಬೇರೆಯಾಗಿಯೇ ಕಾಣುತ್ತದೆ.

ಪರೀಕ್ಷೆಗೆ ಮೊದಲು ಎರಡೂ ಮಾನಿಟರ್‌ಗಳು ಅರ್ಧ ಗಂಟೆಯಾದರೂ ಉರಿದಿರಬೇಕು, ಏಕೆಂದರೆ ಹಿಂಬೆಳಕು ಬಿಸಿಯಾಗುವವರೆಗೆ ಹೊಳಪೂ ಬಣ್ಣವೂ ಸ್ಥಿರವಾಗಿರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಗಿ ಬಂದು ಮಾಡುವಾಗ ಈ ನಿಯಮ ಹೆಚ್ಚು ಮುಖ್ಯವಾಗುತ್ತದೆ. ಯುಪಿಎಸ್‌ಗೆ ಕಂಪ್ಯೂಟರನ್ನು ಮಾತ್ರ ಜೋಡಿಸಿ ಎರಡನೆಯ ಮಾನಿಟರನ್ನು ನೇರ ಪ್ಲಗ್‌ಗೆ ಹಾಕಿದ್ದರೆ, ಕರೆಂಟು ಬಂದ ಮೇಲೆ ಒಂದು ಪರದೆ ಬಿಸಿಯಾಗಿಯೂ ಇನ್ನೊಂದು ತಣ್ಣಗೂ ಇರುತ್ತದೆ. ಆ ಹೊತ್ತಿನಲ್ಲಿ ಹೋಲಿಸಿ ನೋಡಿದ್ದಕ್ಕೆ ಬೆಲೆಯಿಲ್ಲ.

ವ್ಯತ್ಯಾಸ ಎಲ್ಲಿ ಕಾಣುತ್ತಿದೆ?

ಮೊದಲ ಪ್ರಶ್ನೆ, ವ್ಯತ್ಯಾಸವು ಇಡೀ ಡೆಸ್ಕ್‌ಟಾಪ್‌ನಲ್ಲಿ ಇದೆಯೋ, ಫೋಟೊ ತಂತ್ರಾಂಶದ ಒಳಗೆ ಮಾತ್ರ ಇದೆಯೋ ಎಂಬುದು. ಖಾಲಿ ಬಿಳಿ ಪುಟವೊಂದನ್ನು ಎರಡೂ ಪರದೆಗಳಲ್ಲಿ ತೆರೆದು ನೋಡಿ. ಬಿಳಿ ಎರಡರಲ್ಲೂ ಬೇರೆಬೇರೆಯಾಗಿ ಕಂಡರೆ ತಂತ್ರಾಂಶವನ್ನು ದೂರುವ ಅಗತ್ಯವಿಲ್ಲ. ದೋಷವು ಗ್ರಾಫಿಕ್ಸ್ ಕಾರ್ಡ್, ಕೇಬಲ್ ಅಥವಾ ಪರದೆಯಲ್ಲಿದೆ. ಡೆಸ್ಕ್‌ಟಾಪ್‌ನ ಬಿಳಿ ಸರಿಯಾಗಿದ್ದು ಫೋಟೊಶಾಪ್‌ನೊಳಗಿನ ಬಿಳಿ ಮಾತ್ರ ಹಳದಿಯಾಗಿದ್ದರೆ, ಪ್ರೊಫೈಲ್ ಕೆಟ್ಟಿದೆ ಎಂದು ಬಹುತೇಕ ಹೇಳಿಬಿಡಬಹುದು. ವಿಂಡೋಸ್ ಅಪ್‌ಡೇಟ್ ಮೂಲಕ ಮಾನಿಟರ್ ತಯಾರಕರ ಪ್ರೊಫೈಲ್ ತಾನಾಗಿ ಬಂದು ಕೂರುವುದುಂಟು. ಅದು ಆ ಮಾದರಿಯ ಎಲ್ಲ ಮಾನಿಟರ್‌ಗಳಿಗೂ ಒಂದೇ ಆಗಿರುವುದರಿಂದ ನಿಮ್ಮ ಮೇಜಿನ ಮೇಲಿರುವ ಮಾನಿಟರ್‌ಗೆ ಹೊಂದದೇ ಇರಬಹುದು.

ಹೋಲಿಸುವ ವಿಧಾನದಲ್ಲಿಯೂ ಒಂದು ಎಚ್ಚರಿಕೆ ಬೇಕು. ತಂತ್ರಾಂಶದ ಒಂದೇ ಕಿಟಕಿಯನ್ನು (ವಿಂಡೋ) ಅರ್ಧ ಈ ಪರದೆಯಲ್ಲಿ, ಅರ್ಧ ಆ ಪರದೆಯಲ್ಲಿ ಇರುವಂತೆ ಎಳೆದು ನೋಡಬೇಡಿ. ತಂತ್ರಾಂಶವು ಆ ಕಿಟಕಿಗೆ ಒಂದು ಮಾನಿಟರ್‌ನ ಪ್ರೊಫೈಲ್ ಅನ್ನು ಮಾತ್ರ ಬಳಸುವುದರಿಂದ ಉಳಿದ ಅರ್ಧ ತಪ್ಪಾಗಿಯೇ ಕಾಣುತ್ತದೆ, ಸರಿಯಿರುವ ವ್ಯವಸ್ಥೆಯೂ ಕೆಟ್ಟಂತೆ ತೋರುತ್ತದೆ. ಫೋಟೊಶಾಪ್‌ನ ವಿಂಡೋ ಮೆನುವಿನ ಅರೇಂಜ್ ಎಂಬಲ್ಲಿ ಅದೇ ಫೈಲ್‌ಗೆ ಎರಡನೆಯ ಕಿಟಕಿಯನ್ನು ತೆರೆದು, ಪ್ರತಿಯೊಂದು ಪರದೆಯಲ್ಲೂ ಒಂದೊಂದನ್ನು ಪೂರ್ತಿಯಾಗಿ ಇರಿಸಿ. ಎರಡು ಪರದೆಗಳಲ್ಲೂ ಒಂದೇ ಚಿತ್ರ ಮೂಡುವ ಡ್ಯೂಪ್ಲಿಕೇಟ್ ಕ್ರಮದಲ್ಲಿದ್ದರೆ ಪ್ರತಿ ಮಾನಿಟರ್‌ಗೂ ಬೇರೆ ಬಣ್ಣ ತಿದ್ದುವುದು ಸಾಧ್ಯವಿಲ್ಲವಾದ್ದರಿಂದ ಎಕ್ಸ್‌ಟೆಂಡ್ ಕ್ರಮಕ್ಕೆ ಬದಲಿಸಿ.

ಹಾಗೆಯೇ ಫೈಲ್‌ನ ಹೆಸರಿನ ಪಕ್ಕದಲ್ಲಿರುವ ಗುರುತುಗಳನ್ನು ಗಮನಿಸಿ. ಫೋಟೊಶಾಪ್‌ನಲ್ಲಿ 8 ಎಂಬ ಅಂಕಿಯ ನಂತರ ಹ್ಯಾಷ್ (#) ಗುರುತು ಇದ್ದರೆ ಆ ಫೈಲ್‌ಗೆ ಪ್ರೊಫೈಲೇ ಇಲ್ಲ. ನಕ್ಷತ್ರದ ಗುರುತು ಇದ್ದರೆ ಫೈಲ್‌ನ ಪ್ರೊಫೈಲ್ ಬೇರೆ, ತಂತ್ರಾಂಶದಲ್ಲಿ ಆರಿಸಿಕೊಂಡಿರುವುದು ಬೇರೆ. ಕ್ಯಾಮೆರಾದಲ್ಲಿ ಎಸ್‌ಆರ್‌ಜಿಬಿಗಿಂತ ವಿಶಾಲವಾದ ಅಡೋಬಿ ಆರ್‌ಜಿಬಿ ಆರಿಸಿ ತೆಗೆದ ಫೋಟೊವನ್ನು ಒಂದು ಪರದೆಯಲ್ಲಿ ಫೋಟೊಶಾಪ್‌ನಲ್ಲಿಯೂ ಇನ್ನೊಂದು ಪರದೆಯಲ್ಲಿ ಪ್ರೊಫೈಲನ್ನು ಲೆಕ್ಕಿಸದ ಸಾದಾ ಫೋಟೊ ವೀಕ್ಷಕದಲ್ಲಿಯೂ ತೆರೆದು, ಎರಡನೆಯದರಲ್ಲಿ ಮಂಕಾಗಿ ಕಂಡಿತೆಂದು ಮಾನಿಟರನ್ನು ದೂರುವವರಿದ್ದಾರೆ. ಅಲ್ಲಿ ಮಾನಿಟರ್‌ನ ತಪ್ಪೇನೂ ಇಲ್ಲ.

ನಿರ್ಣಾಯಕ ಪರೀಕ್ಷೆ

ಶಂಕೆಯಿರುವ ಮಾನಿಟರನ್ನು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮುಖ್ಯ ಪರದೆಯನ್ನಾಗಿ ಮಾಡಿ, ಫೋಟೊಶಾಪ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಕೆ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬರುವ ಕಲರ್ ಸೆಟ್ಟಿಂಗ್ಸ್‌ನಲ್ಲಿ ಆರ್‌ಜಿಬಿ ಪಟ್ಟಿಯನ್ನು ಬಿಚ್ಚಿದರೆ ‘ಮಾನಿಟರ್ ಆರ್‌ಜಿಬಿ’ ಎಂಬುದರ ಮುಂದೆ ಒಂದು ಹೆಸರು ಕಾಣುತ್ತದೆ. ತಂತ್ರಾಂಶ ಈಗ ಬಳಸುತ್ತಿರುವ ಪ್ರೊಫೈಲ್ ಅದೇ. ಹೆಸರು ನೋಡಿಕೊಂಡು, ಏನನ್ನೂ ಬದಲಿಸದೆ ಹೊರಬನ್ನಿ. ಎಷ್ಟೋ ಸಲ ಇಲ್ಲಿಯೇ, ಹಿಂದೆಂದೋ ಮಾರಿದ ಮಾನಿಟರ್‌ನ ಪ್ರೊಫೈಲ್ ಇನ್ನೂ ಉಳಿದಿರುವುದು ಕಣ್ಣಿಗೆ ಬೀಳುತ್ತದೆ.

ಅನಂತರ ಪರೀಕ್ಷೆಯ ಫೈಲ್ ಅನ್ನು ತೆರೆದು, ವ್ಯೂ ಮೆನುವಿನ ಪ್ರೂಫ್ ಸೆಟಪ್‌ನಲ್ಲಿ ‘ಮಾನಿಟರ್ ಆರ್‌ಜಿಬಿ’ ಆರಿಸಿ, ಕಂಟ್ರೋಲ್ ಮತ್ತು ವೈ ಕೀಲಿಗಳಿಂದ ಅದನ್ನು ಹಾಕಿ ತೆಗೆದು ನೋಡಿ. ಅದು ಚಾಲೂ ಇರುವಾಗ ಪ್ರೊಫೈಲ್‌ನ ತಿದ್ದುಪಡಿ ಇಲ್ಲದೆ ಫೈಲ್‌ನ ಅಂಕಿಗಳು ನೇರವಾಗಿ ಪರದೆಗೆ ಹೋಗುತ್ತವೆ. ಬೂದಿನಲ್ಲಿದ್ದ ಹಳದಿ ಅಥವಾ ಗುಲಾಬಿ ಛಾಯೆ ಆಗ ಮಾಯವಾದರೆ ಪ್ರೊಫೈಲ್ ತಪ್ಪಾಗಿದೆ. ಛಾಯೆ ಹಾಗೆಯೇ ಉಳಿದರೆ ದೋಷ ಕೆಳಗಿನ ಹಂತದಲ್ಲಿದೆ. ಹಾಕಿದಾಗಲೂ ತೆಗೆದಾಗಲೂ ಒಂದು ಕೂದಲೆಳೆಯಷ್ಟೂ ಬದಲಾವಣೆ ಕಾಣದಿದ್ದರೆ, ಆ ಮಾನಿಟರ್‌ಗೆ ಎಸ್‌ಆರ್‌ಜಿಬಿ ಪ್ರೊಫೈಲ್ ಹಾಕಿದೆ, ಇಲ್ಲವೇ ಯಾವುದನ್ನೂ ಹಾಕಿಲ್ಲ ಎಂದು ಅರ್ಥ. ಒಂದು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಬಿಟ್ಟು ಬೇರೆ ಕಡೆ ಹುಡುಕುವುದರಲ್ಲಿ ಅರ್ಥವಿಲ್ಲವೆಂದೇ ನನ್ನ ಅಭಿಪ್ರಾಯ. ಇನ್ನೊಂದು ಮಾನಿಟರ್‌ಗೂ ಇದೇ ರೀತಿ ಮಾಡಿ.

ಪ್ರೊಫೈಲ್ ತಪ್ಪೆಂದು ಕಂಡರೆ ಕಂಟ್ರೋಲ್ ಪ್ಯಾನೆಲ್‌ನ ಕಲರ್ ಮ್ಯಾನೇಜ್‌ಮೆಂಟ್ ತೆರೆದು, ಮೇಲಿನ ಪಟ್ಟಿಯಲ್ಲಿ ಸರಿಯಾದ ಮಾನಿಟರನ್ನು ಆರಿಸಿ. ಯಾವುದು ಒಂದನೆಯದು, ಯಾವುದು ಎರಡನೆಯದು ಎಂಬ ಗೊಂದಲ ಬೇಡವಾದರೆ ಐಡೆಂಟಿಫೈ ಗುಂಡಿಯನ್ನು ಒತ್ತಿ, ಪರದೆಗಳ ಮೇಲೆ ಮೂಡುವ ಅಂಕಿಯನ್ನು ನೋಡಿಕೊಳ್ಳಿ. ಎರಡು ಮಾನಿಟರ್‌ಗಳ ಪ್ರೊಫೈಲ್‌ಗಳು ಅದಲುಬದಲಾಗಿರುವುದು ಅಪರೂಪವೇನಲ್ಲ. ಈ ಸಾಧನಕ್ಕೆ ನನ್ನ ಸೆಟ್ಟಿಂಗ್ ಬಳಸು ಎಂಬರ್ಥದ ಚೌಕಕ್ಕೆ ಗುರುತು ಹಾಕಿ, ಕೆಟ್ಟ ಪ್ರೊಫೈಲನ್ನು ತೆಗೆದು, ಸದ್ಯಕ್ಕೆ ಎಸ್‌ಆರ್‌ಜಿಬಿಯನ್ನು ಸೇರಿಸಿ ಡೀಫಾಲ್ಟ್ ಮಾಡಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ರೂಪಿಸಿದ ಈ ಮಾದರಿಗೆ ಸಾಮಾನ್ಯ ಮಾನಿಟರ್‌ಗಳು ಸುಮಾರಾಗಿ ಹತ್ತಿರವಿರುವುದರಿಂದ ತಾತ್ಕಾಲಿಕವಾಗಿ ನಡೆಯುತ್ತದೆ. ವಿಶಾಲ ಬಣ್ಣವ್ಯಾಪ್ತಿಯ ಮಾನಿಟರ್ ಆಗಿದ್ದರೆ ಮಾತ್ರ ಅದರ ಸ್ವಂತ ಮೆನುವಿನಲ್ಲಿಯೂ ಎಸ್‌ಆರ್‌ಜಿಬಿ ಕ್ರಮವನ್ನೇ ಆರಿಸಬೇಕು, ಇಲ್ಲದಿದ್ದರೆ ಸೀರೆಯ ಕೆಂಪು ಉರಿಯುತ್ತಲೇ ಇರುತ್ತದೆ. ಮ್ಯಾಕ್ ಬಳಸುವವರಿಗೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿಯೇ ಪ್ರತಿ ಪರದೆಗೂ ಕಲರ್ ಪ್ರೊಫೈಲ್ ಆರಿಸುವ ಅವಕಾಶವಿದೆ. ಲೈಟ್‌ರೂಮ್‌ನೊಳಗೆ ಇದಕ್ಕಾಗಿ ಬೇರೆ ಆಯ್ಕೆಯಿಲ್ಲ, ಅದು ವ್ಯವಸ್ಥೆಯಲ್ಲಿರುವುದನ್ನೇ ತೆಗೆದುಕೊಳ್ಳುತ್ತದೆ.

ಪ್ರೊಫೈಲ್‌ಗಿಂತ ಕೆಳಗೆ

ಮೊದಲು ಬಣ್ಣವನ್ನು ತಾವಾಗಿಯೇ ಬದಲಿಸುವ ಸೌಲಭ್ಯಗಳನ್ನೆಲ್ಲ ನಿಲ್ಲಿಸಿ. ವಿಂಡೋಸ್‌ನ ನೈಟ್ ಲೈಟ್, ಎಚ್‌ಡಿಆರ್, ಮ್ಯಾಕ್‌ನ ಟ್ರೂ ಟೋನ್ ಮತ್ತು ನೈಟ್ ಶಿಫ್ಟ್, ಲ್ಯಾಪ್‌ಟಾಪ್‌ನ ಬ್ಯಾಟರಿ ಉಳಿತಾಯಕ್ಕಾಗಿ ಹೊಳಪು ಏರಿಳಿಸುವ ವ್ಯವಸ್ಥೆ, ಗ್ರಾಫಿಕ್ಸ್ ಕಾರ್ಡ್‌ನ ಬಣ್ಣ ಗಾಢಗೊಳಿಸುವ ಆಯ್ಕೆ, ಮಾನಿಟರ್ ಮೆನುವಿನಲ್ಲಿರುವ ಡೈನಮಿಕ್ ಕಾಂಟ್ರಾಸ್ಟ್, ಇಕೋ, ಗೇಮ್, ಸಿನಿಮಾ, ಕಣ್ಣಿನ ರಕ್ಷಣೆಗೆಂದು ನೀಲಿ ತಗ್ಗಿಸುವ ಕ್ರಮಗಳು, ಇವುಗಳಲ್ಲಿ ಒಂದು ಉಳಿದರೂ ಮುಂದಿನ ಅಳತೆಯೆಲ್ಲ ವ್ಯರ್ಥ. ಸಂಜೆ ಏಳರ ಮೇಲೆ ಮಾತ್ರ ಒಂದು ಪರದೆ ಹಳದಿಯಾಗುತ್ತದೆ ಎಂಬ ದೂರಿಗೆ ಕಾರಣ ಇವುಗಳಲ್ಲೇ ಒಂದಾಗಿರುತ್ತದೆ.

ಆಮೇಲೆ ಕೇಬಲ್‌ಗಳನ್ನು ಅದಲುಬದಲು ಮಾಡಿ. ಛಾಯೆಯು ಕೇಬಲ್ ಜೊತೆಗೆ ಇನ್ನೊಂದು ಮಾನಿಟರ್‌ಗೆ ಹೋದರೆ ಮಾನಿಟರ್ ನಿರ್ದೋಷಿ. ಹಳೆಯ ವಿಜಿಎ ಕೇಬಲ್‌ನಲ್ಲಿ ಒಂದು ಪಿನ್ ಬಾಗಿದರೆ ಅಥವಾ ಸಡಿಲವಾದರೆ ಮೂರರಲ್ಲಿ ಒಂದು ಬಣ್ಣ ಕಡಿಮೆಯಾಗಿ ಇಡೀ ಪರದೆ ಗುಲಾಬಿಗೋ ಹಳದಿಗೋ ತಿರುಗುತ್ತದೆ.

ಎಚ್‌ಡಿಎಂಐನಲ್ಲಿ ಬರುವ ದೋಷ ಇದಕ್ಕಿಂತ ಸೂಕ್ಷ್ಮವಾದುದು, ಹೆಚ್ಚು ಹಾನಿ ಮಾಡುವಂಥದು. ಕೆಲವು ಸಲ ಗ್ರಾಫಿಕ್ಸ್ ಕಾರ್ಡ್ ಮಾನಿಟರನ್ನು ಟಿವಿ ಎಂದು ಭಾವಿಸಿ 0ರಿಂದ 255ರವರೆಗಿನ ಅಂಕಿಗಳ ಬದಲು 16ರಿಂದ 235ರವರೆಗೆ ಮಾತ್ರ ಕಳುಹಿಸುತ್ತದೆ. ಆಗ ಕಪ್ಪು ಕಪ್ಪಾಗಿರದೆ ಹೊಗೆ ಹಿಡಿದಂತೆ ಕಾಣುತ್ತದೆ, ಬಿಳಿ ಮಂಕಾಗುತ್ತದೆ. ಚಿಕ್ಕಮಗಳೂರಿನ ಒಂದು ಸ್ಟುಡಿಯೋದಲ್ಲಿ ಹೊಸ ಮಾನಿಟರ್ ಬಂದ ಮೇಲೆ ಹೀಗಾಗಿತ್ತು. ಮದುಮಗಳ ಜಡೆ, ಮದುಮಗನ ಕಪ್ಪು ಕೋಟು ಎರಡೂ ಹೊಸ ಪರದೆಯಲ್ಲಿ ಬೂದಾಗಿ ಕಾಣುತ್ತಿದ್ದುದರಿಂದ, ಅಲ್ಲಿ ಕೆಲಸ ಮಾಡುತ್ತಿದ್ದವರು ಪ್ರತಿ ಫೋಟೊಗೂ ಕಾಂಟ್ರಾಸ್ಟ್ ಏರಿಸಿ ಉಳಿಸುತ್ತಾ ಬಂದರು. ಪರದೆಯಲ್ಲಿ ಚೆನ್ನಾಗಿಯೇ ಇತ್ತು. ಆಲ್ಬಮ್ ಅಚ್ಚಾಗಿ ಬಂದಾಗ ಜಡೆಯ ಹೆಣಿಗೆ ಕಾಣದೆ ಬರಿಯ ಕಪ್ಪು ಮುದ್ದೆಯಾಗಿತ್ತು, ಕೋಟಿನ ಗುಂಡಿಗಳು ಮುಳುಗಿಹೋಗಿದ್ದವು. ಅದೇ ಮಾನಿಟರ್‌ಗೆ ಪ್ರೊಫೈಲ್ ಕೂಡ ಹಾಕಿರಲಿಲ್ಲವಾದ್ದರಿಂದ ಕೆಂಪು ಅತಿಯಾಗಿ ಕಂಡು, ಮುಖಗಳಿಂದ ಕೆಂಪನ್ನು ತೆಗೆದಿದ್ದರು. ಅಚ್ಚಿನಲ್ಲಿ ಮುಖಗಳು ರಕ್ತವಿಲ್ಲದಂತೆ ಕಂಡವು. ಪರದೆಯ ದೋಷ ಹೀಗೆ ಫೈಲ್‌ನೊಳಗೇ ಸೇರಿಬಿಟ್ಟರೆ ಆಮೇಲೆ ಮಾನಿಟರ್ ಸರಿಪಡಿಸಿದರೂ ಆ ಫೋಟೊಗಳನ್ನು ಮೂಲದಿಂದ ಮತ್ತೆ ತಿದ್ದದೆ ಬೇರೆ ದಾರಿಯಿಲ್ಲ. ಲ್ಯಾಬ್‌ನ ಮೇಲೆ ಅನುಮಾನ ಬರುವುದೂ ಇಂಥ ಸಂದರ್ಭದಲ್ಲಿಯೇ.

ಪರೀಕ್ಷೆಯ ಫೈಲ್‌ನ ಕಪ್ಪು ಚೌಕಗಳು ಇದನ್ನು ಕೂಡಲೇ ತೋರಿಸುತ್ತವೆ. 0 ಇರುವ ಚೌಕವೇ ಬೂದಾಗಿ ಕಂಡರೆ ಮೇಲೆ ಹೇಳಿದ ದೋಷ. 0ರಿಂದ 16ರವರೆಗಿನ ಚೌಕಗಳೆಲ್ಲ ಒಂದೇ ಕಪ್ಪಾಗಿ ಸೇರಿಹೋದರೆ ಅದಕ್ಕೆ ವಿರುದ್ಧವಾದದ್ದು: ಕಾರ್ಡ್ ಪೂರ್ಣ ವ್ಯಾಪ್ತಿ ಕಳುಹಿಸುತ್ತಿದೆ, ಮಾನಿಟರ್ ಸೀಮಿತ ವ್ಯಾಪ್ತಿಯನ್ನು ನಿರೀಕ್ಷಿಸುತ್ತಿದೆ. ಕಾರ್ಡ್‌ನ ನಿಯಂತ್ರಣ ಫಲಕದಲ್ಲಿ ಔಟ್‌ಪುಟ್ ಅನ್ನು ಆರ್‌ಜಿಬಿ ಮತ್ತು ಫುಲ್ ಎಂದು ಆರಿಸಿ, ಮಾನಿಟರ್‌ನ ಮೆನುವಿನಲ್ಲಿಯೂ ಅದಕ್ಕೆ ಹೊಂದುವಂತೆ ಮಾಡಿ. ಆಗದಿದ್ದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ ನೋಡಬಹುದು.

ಅಳೆದು ಹೊಂದಿಸುವುದು

ಇಷ್ಟಾದ ಮೇಲೆ ಉಳಿಯುವ ವ್ಯತ್ಯಾಸವನ್ನು ಕಣ್ಣಂದಾಜಿನಿಂದ ತೆಗೆಯಲು ಬರುವುದಿಲ್ಲ, ಉಪಕರಣ ಬೇಕು. ಸ್ಪೈಡರ್, ಕ್ಯಾಲಿಬ್ರೈಟ್ ಮೊದಲಾದ ಹೆಸರಿನ ಕ್ಯಾಲಿಬ್ರೇಟರ್‌ಗಳು ಸಿಗುತ್ತವೆ. ಊರಿನ ಎರಡು ಮೂರು ಸ್ಟುಡಿಯೋಗಳು ಸೇರಿ ಒಂದನ್ನು ಕೊಂಡರೂ ಸಾಲುತ್ತದೆ, ಏಕೆಂದರೆ ತಿಂಗಳಿಗೊಮ್ಮೆ ಅಳೆದರೆ ಸಾಕು. ಎರಡೂ ಮಾನಿಟರ್‌ಗಳಿಗೆ ಒಂದೇ ಗುರಿ ಕೊಡಿ: ಬಿಳಿಗೆ 6500 ಕೆಲ್ವಿನ್‌ಗೆ ಸಮನಾದ ಡಿ65, ಗಾಮಾ (ಕಪ್ಪಿನಿಂದ ಬಿಳಿಯವರೆಗೆ ಹೊಳಪು ಏರುವ ರೀತಿ) 2.2, ಹೊಳಪು ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾಗಳ ನಡುವೆ ಒಂದು ಅಂಕಿ. ಹಳೆಯ ಮಾನಿಟರ್ 100ಕ್ಕಿಂತ ಮೇಲೆ ಏರದಿದ್ದರೆ ಹೊಸದನ್ನೂ 100ಕ್ಕೆ ಇಳಿಸಬೇಕು. ಹೊಳಪು ಬೇರೆಯಿದ್ದರೆ ಬಣ್ಣ ನಿಖರವಾಗಿದ್ದರೂ ಹೆಚ್ಚು ಬೆಳಗುವ ಪರದೆಯ ಬಣ್ಣಗಳು ಕಣ್ಣಿಗೆ ಹೆಚ್ಚು ತುಂಬಿಕೊಂಡಂತೆ ಕಾಣುತ್ತವೆ. ಪ್ರಿಂಟ್ ಕತ್ತಲಾಗಿ ಬಂತು ಎಂಬ ದೂರಿಗೂ ಬಹುಪಾಲು ಮಿತಿಮೀರಿದ ಹೊಳಪೇ ಕಾರಣ.

ಮೊದಲು ಮಾನಿಟರ್‌ನ ಗುಂಡಿಗಳಿಂದ ಹೊಳಪನ್ನೂ ಬಿಳಿಯನ್ನೂ ಗುರಿಯ ಹತ್ತಿರಕ್ಕೆ ತಂದು, ಉಳಿದುದನ್ನು ಕ್ಯಾಲಿಬ್ರೇಷನ್ ತಂತ್ರಾಂಶಕ್ಕೆ ಬಿಡಿ. ಆಗ ಹುಟ್ಟುವ ಪ್ರೊಫೈಲ್ ಆ ಕ್ಷಣದ ಮಾನಿಟರ್ ಸ್ಥಿತಿಗೆ ಮಾತ್ರ ಸಲ್ಲುತ್ತದೆ. ಮಾರನೆಯ ದಿನ ಯಾರಾದರೂ ಹೊಳಪು ಹೆಚ್ಚಿಸಿದರೆ ಅಥವಾ ಸಿನಿಮಾ ಕ್ರಮಕ್ಕೆ ಬದಲಿಸಿದರೆ ಪ್ರೊಫೈಲ್ ಸುಳ್ಳಾಗುತ್ತದೆ. ಮೆನುವಿಗೆ ಬೀಗ ಹಾಕುವ ಸೌಲಭ್ಯ ಇದ್ದರೆ ಹಾಕಿಬಿಡಿ. ಬೆಳಿಗ್ಗೆ ಸರಿಯಿದ್ದದ್ದು ಕಂಪ್ಯೂಟರ್ ನಿದ್ರೆಯಿಂದ ಎದ್ದ ಮೇಲೆ ಅಥವಾ ಡ್ರೈವರ್ ಅಪ್‌ಡೇಟ್ ಆದ ಮೇಲೆ ಕೆಟ್ಟು, ಇಡೀ ಡೆಸ್ಕ್‌ಟಾಪ್‌ನ ಛಾಯೆಯೇ ಬದಲಾದರೆ, ಗ್ರಾಫಿಕ್ಸ್ ಕಾರ್ಡ್‌ಗೆ ತುಂಬಿದ್ದ ತಿದ್ದುಪಡಿಯ ಕೋಷ್ಟಕ ಅಳಿಸಿಹೋಗಿದೆ. ಆ ಕೋಷ್ಟಕವನ್ನು ಮತ್ತೆ ತುಂಬಲು ಕ್ಯಾಲಿಬ್ರೇಟರ್‌ನ ಜೊತೆಗೆ ಬರುವ ಲೋಡರ್ ಕಂಪ್ಯೂಟರ್ ಆರಂಭವಾದಾಗ ಚಾಲೂ ಆಗುತ್ತಿದೆಯೇ ಎಂದು ನೋಡಿ.

ಕೋಣೆಯನ್ನು ಮರೆಯುವಂತಿಲ್ಲ. ಒಂದು ಮಾನಿಟರ್ ಮೇಲೆ ಕಿಟಕಿಯಿಂದ ಮಳೆಗಾಲದ ಮೋಡದ ನೀಲಿ ಬೆಳಕು, ಇನ್ನೊಂದರ ಮೇಲೆ ಹಳದಿ ಬಲ್ಬಿನ ಬೆಳಕು ಬಿದ್ದರೆ ಅಳತೆ ಎಷ್ಟೇ ಸರಿಯಿದ್ದರೂ ಎರಡೂ ಒಂದಾಗಿ ಕಾಣುವುದಿಲ್ಲ. ಕಿಟಕಿಗೆ ದಪ್ಪ ಕರ್ಟನ್ ಹಾಕಿ, ಎರಡಕ್ಕೂ ಒಂದೇ ಬಗೆಯ ಮಂದ ಬೆಳಕು ಇರಲಿ. ಕಡು ಹಸಿರು, ಗುಲಾಬಿ ಗೋಡೆಗಳ ಮುಂದೆ ಕೂತು ಬಣ್ಣ ತಿದ್ದುವುದು ಬೇಡ.

ಎಲ್ಲವನ್ನೂ ಮಾಡಿದ ಮೇಲೂ ಎರಡು ಬಿಳಿಗಳ ನಡುವೆ ತುಸು ವ್ಯತ್ಯಾಸ ಉಳಿಯಬಹುದು. ಎರಡು ಮಾನಿಟರ್‌ಗಳ ಹಿಂಬೆಳಕು ಬೇರೆಬೇರೆ ಬಗೆಯದಾಗಿದ್ದರೆ, ಉಪಕರಣಕ್ಕೆ ಎರಡೂ ಒಂದೇ ಎಂದು ಕಂಡರೂ ಮನುಷ್ಯನ ಕಣ್ಣಿಗೆ ಒಂದು ಸ್ವಲ್ಪ ಗುಲಾಬಿಯಾಗಿ ಅಥವಾ ಹಸಿರಾಗಿ ಕಾಣುತ್ತದೆ. ಲೆಕ್ಕವು 1931ರಲ್ಲಿ ನಿಗದಿಯಾದ ಸರಾಸರಿ ಕಣ್ಣಿನ ಮಾದರಿಯನ್ನು ಆಧರಿಸಿದೆ, ನಮ್ಮ ನಿಮ್ಮ ಕಣ್ಣು ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಅಳತೆ ಮಾಡುವಾಗ ತಂತ್ರಾಂಶದಲ್ಲಿ ಆಯಾ ಮಾನಿಟರ್‌ನ ಹಿಂಬೆಳಕಿನ ಬಗೆಯನ್ನು ಸರಿಯಾಗಿ ಆರಿಸಿದ್ದೀರಾ ಎಂದು ಮೊದಲು ಪರಿಶೀಲಿಸಿ. ಆಮೇಲೆಯೂ ಉಳಿದರೆ, ಎರಡನೆಯ ಮಾನಿಟರ್‌ನ ಬಿಳಿಯ ಗುರಿಯನ್ನಷ್ಟೇ ಕಣ್ಣಿಗೆ ಹೊಂದುವಂತೆ ತುಸು ಸರಿಸಿ, ಆ ಗುರಿಗೆ ಹೊಸದಾಗಿ ಪ್ರೊಫೈಲ್ ತಯಾರಿಸಬಹುದು. ಕಣ್ಣಿಗೆ ಇಷ್ಟು ಅಧಿಕಾರ ಕೊಡಬೇಕಾದದ್ದು ಈ ಕೊನೆಯ ಹಂತದಲ್ಲಿ ಮಾತ್ರ.

ಹಳೆಯ ಪರದೆಯ ಹಿಂಬೆಳಕು ಹಳದಿಗಟ್ಟಿದ್ದರೆ, ಅಥವಾ ಅದು ಕುಳಿತ ಜಾಗದಿಂದ ತಲೆ ಸ್ವಲ್ಪ ಎತ್ತಿದರೆ ಸಾಕು ಬಣ್ಣ ತಿರುಗುವ ಟಿಎನ್ ಪರದೆಯಾಗಿದ್ದರೆ, ಯಾವ ಕ್ಯಾಲಿಬ್ರೇಟರ್‌ನಿಂದಲೂ ಅದು ಹೊಸದಕ್ಕೆ ಸಮನಾಗುವುದಿಲ್ಲ. ಅದರ ಮೇಲೆ ಲೇಯರ್, ಹಿಸ್ಟರಿ, ಬ್ರಷ್‌ಗಳ ಫಲಕಗಳನ್ನೂ ಫೋಟೊಗಳ ಪಟ್ಟಿಯನ್ನೂ ಇಟ್ಟುಕೊಂಡು, ಬಣ್ಣ ತಿದ್ದುವ ಫೋಟೊವನ್ನು ಯಾವಾಗಲೂ ಅಳತೆಯಾದ ಮಾನಿಟರ್‌ನಲ್ಲಿಯೇ ತೆರೆಯಿರಿ. ಗ್ರಾಹಕರಿಗೆ ಆಲ್ಬಮ್ ತೋರಿಸುವುದೂ ಅದೇ ಪರದೆಯಲ್ಲಿ ಆಗಲಿ.